ಕಾವಿಗೆ ಕೂತ ಹೇಂಟೆ

ಯುಗಾದಿಯಾದ ಮರುವಾರ ಅತ್ತೆ ಸಂತೆಯಿಂದ ಆರು ಕೋಳಿಮರಿ ತಂದು, ಬುಟ್ಟಿಯನ್ನು ಸೊಸೆ ಸುಕನ್ಯಾಳ ಮುಂದೆ ಇಳಿಸಿದರು. ಆ ಮನೆಯಲ್ಲಿ ಅದುವರೆಗೆ ಯಾರೂ ಕೋಳಿ ಸಾಕಿರಲಿಲ್ಲ.

"ಕೈಗೊಂದು ಕೆಲಸ ಇರ್ಲಿ," ಎಂದರು.

ಸುಕನ್ಯಾ ಹೇಳಿದಷ್ಟು ಮಾಡಿದಳು. ಬಿಸಿಲಿಗೆ ಗೂಡಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿದಳು. ಮಳೆ ಹಿಡಿದಾಗ ಗೂಡನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟಳು. ಚಳಿ ಬಂದಾಗ ಒಳಗೆ ಒಣಹುಲ್ಲು ಹಾಸಿದಳು. ಮೊದಲ ಮೊಟ್ಟೆ ಸಿಕ್ಕ ದಿನವೂ ಅವಳ ಮುಖ ಅರಳಲಿಲ್ಲ.

ಆ ಚಳಿಯಲ್ಲೇ ಕೆಂಪು ಹೇಂಟೆ ಕಾವಿಗೆ ಕೂತಿತು. ಇಪ್ಪತ್ತೊಂದು ದಿನ ಕಳೆದು, ಮತ್ತೊಂದು ವಾರವಾದರೂ ಮರಿ ಹೊರಬರಲಿಲ್ಲ.

"ಆ ಮೊಟ್ಟೆ ತೆಗೆದು ಬಿಸಾಕು," ಎಂದರು ಅತ್ತೆ. "ಅದರಲ್ಲಿ ಜೀವ ಇಲ್ಲ."

"ಗೊತ್ತು."

"ಗೊತ್ತಿದ್ದೂ ಬಿಟ್ಟಿದೀಯಲ್ಲ! ಕೋಳಿ ಸೊರಗಿ ಹೋಗ್ತಿದೆ."

"ಕೂತಲ್ಲಿಗೇ ನುಚ್ಚು ಕೊಡ್ತಿದೀನಿ."

"ಸರಿ, ನಾನೇ ತೆಗೀತೀನಿ," ಎಂದು ಅತ್ತೆ ಗೂಡಿನೊಳಗೆ ಕೈ ಹಾಕಿದರು.

ಸುಕನ್ಯಾ ಅವರ ಮಣಿಕಟ್ಟು ಹಿಡಿದಳು.

"ಬೇಡ ಅತ್ತೆ. ನನ್ನ ಕೂಸಿನ ಮುಖಾನೂ ತೋರಿಸ್ದೆ ಮಣ್ಣು ಮಾಡಿ ಬಂದ್ರಿ. ಈ ಕೋಳಿಯಾದ್ರೂ ತಾನಾಗೇ ಎದ್ದು ಬರ್ಲಿ."