ಬಾಯಿ ಬಿಡಮ್ಮ

ಲವಂಗದೆಣ್ಣೆಯ ವಾಸನೆ ಬಂದರೆ ಈಗಲೂ ಮಂಡ್ಯದ ಆಸ್ಪತ್ರೆಯ ಆ ಮಧ್ಯಾಹ್ನ ನನ್ನ ಕಣ್ಣೆದುರು ಬಂದು ನಿಲ್ಲುತ್ತದೆ.

ಅವ್ವನ ವಸಡು ಊದಿ ರಕ್ತ ಒಸರುತ್ತಿತ್ತು. ಹಲ್ಲನ್ನೆಲ್ಲ ಕೀಳುತ್ತಾರೆಂದು ಊರಿನವರು ಹೆದರಿಸಿದ್ದರು. ಡಾಕ್ಟರು ಅವಳನ್ನು ಕಿಟಕಿಯ ಬಿಸಿಲಿಗೆ ಮುಖಮಾಡಿ ಕೂರಿಸಿ, "ಬಾಯಿ ಬಿಡಮ್ಮ" ಎಂದರು. ಪರಗಂಡಸಿನ ಎದುರು ಅವ್ವ ಸೆರಗನ್ನು ಬಾಯಿಗೆ ಇನ್ನಷ್ಟು ಒತ್ತಿಕೊಂಡಳು.

"ಮನೇಲೂ ಇಂಗೇಯ ಸ್ವಾಮಿ, ಬಾಯೇ ಬುಡಕಿಲ್ಲ. ನೋವು ಅಂತ ಒಂದ್ ದಪನೂ ಯೋಳಿಲ್ಲ," ಎಂದಳು ಅಪ್ಪನ ತಾಯಿ, ನನ್ನಜ್ಜಿ. "ಬುಡೇ, ಡಾಕುಟ್ರೇನು ಕಚ್ಚಾರಾ?"

ಅವ್ವನಿಗೆ ನಗು ಬಂತು. ಸೆರಗು ಜಾರಿತು.

ಡಾಕ್ಟರು ಪುಟ್ಟ ಕನ್ನಡಿಯನ್ನು ಬಾಯೊಳಗಿಟ್ಟು, ತೆಳ್ಳನೆಯ ಮೊಂಡು ಕಡ್ಡಿಯನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲಗೆ ಇಳಿಸಿದರು. ಆಮೇಲೆ ಒಂದೊಂದೇ ಹಲ್ಲನ್ನು ಬೆರಳಿನಿಂದ ಅಲುಗಿಸಿ ನೋಡಿದರು. ಕನ್ನಡಿ ತಿರುಗಿದಾಗಲೆಲ್ಲ ಬಿಸಿಲಿನ ಒಂದು ಚೂರು ಸುಣ್ಣದ ಗೋಡೆಯ ಮೇಲೆ ಈಜಾಡುತ್ತಿತ್ತು. ಅವ್ವ ನನ್ನ ಮಣಿಕಟ್ಟನ್ನು ಬಿಟ್ಟಿರಲಿಲ್ಲ.

"ಒಂದನ್ನು ಮಾತ್ರ ಕೀಳಬೇಕು. ಮಿಕ್ಕವು ಉಳಿಯುತ್ತವೆ," ಎಂದರು ಡಾಕ್ಟರು. "ಇಷ್ಟು ದಿನ ಊಟ ಹೇಗಮ್ಮ ಮಾಡಿದೆ?"

ಅವ್ವ ಬಾಯಿ ಮುಕ್ಕಳಿಸಿ ಉಗುಳಿದಳು. "ಮುದ್ದೆ ಅಗಿಯಂಗಿಲ್ವಲ್ಲ ಸ್ವಾಮಿ, ನುಂಗ್ಬುಡ್ತಿದ್ದೆ. ಸಾರ್ನಾಗಿನ ಕಾಳು, ಬಾಡು ಎಲ್ಲಾನೂ ಮಗೀಗೆ ಆಕ್ಬುಡ್ತಿದ್ದೆ."

ಅಜ್ಜಿ ನನ್ನನ್ನು ನೋಡಿದಳು. ಅವ್ವನ ಬಾಯಿಗೆ ಲವಂಗದೆಣ್ಣೆಯ ಹತ್ತಿ ಇಡಿಸಿಕೊಂಡು ಊರಿಗೆ ಹೊರಟೆವು. ಊರು ಹತ್ತಿರವಾದಾಗ ಅಜ್ಜಿ ಅವ್ವನ ಕಡೆ ತಿರುಗದೆಯೇ ಹೇಳಿದಳು:

"ಇವತ್ತು ಒಲೆ ತಾವ ನೀ ಬರಬ್ಯಾಡ ಕಣವ್ವ. ಕಾಳ ನಾನೇ ನುಣ್ಣಗೆ ಅರೀತೀನಿ."