ಅಡ್ಡಗಾಳಿ

“ಮತ್ತೆ ಎರಡೂ ಕಿಟಕಿ ತೆರೆದಿಟ್ಟು ಕೂತಿದ್ದೀಯಾ? ತಲೆ ಕೆಟ್ಟಿದ್ಯಾ ನಿಂಗೆ, ದೆಸಾಂಕಾ?” ಬಾಗಿಲಲ್ಲೇ ಯಾಗೊದಾ ಬೈಯಲು ಶುರುಮಾಡಿದಳು. ಕೆಳಗಿನ ಮನೆಯಾಕೆ, ಕೈಯಲ್ಲಿ ಉಜ್ಜಲು ತಂದ ರಾಕಿಯಾ ಸಾರಾಯಿಯ ಸೀಸೆ, ಕಂಕುಳಲ್ಲಿ ಉಣ್ಣೆಯ ಶಾಲು.

ದೆಸಾಂಕಾ ಅಂಗಿಯ ಗುಂಡಿ ಬಿಚ್ಚಿ ಬೆನ್ನು ಕೊಟ್ಟು ಕೂತಳು. ನಿಶ್ ಊರಿನಲ್ಲಿ ಕತ್ತು ಹಿಡಿದರೂ, ಹಲ್ಲು ನೋವು ಬಂದರೂ ತಪ್ಪೆಲ್ಲ ಅಡ್ಡಗಾಳಿಯದೇ. ಎದುರುಬದುರು ಕಿಟಕಿ ತೆರೆದಿಟ್ಟವರ ಭುಜ ನೋಯದೆ ಇನ್ನೇನಾದೀತು? ಗಂಡ ಸತ್ತ ಮೇಲೆ ಅವಳ ಬಾಗಿಲು ತಟ್ಟುವವರೆಂದರೆ, ಈ ಎಡಭುಜದ ನೋವಿಗೆ ಮದ್ದು ಹಿಡಿದು ಬರುವ ಯಾಗೊದಾ ಒಬ್ಬಳೇ. ಉಜ್ಜಿದರೆ ನೋವು ಹೆಚ್ಚುತ್ತಲೂ ಇರಲಿಲ್ಲ, ತಗ್ಗುತ್ತಲೂ ಇರಲಿಲ್ಲ. ಆದರೆ ಆ ಬೆಚ್ಚಗಿನ ಅಂಗೈ ಬೆನ್ನ ಮೇಲಿರುವಷ್ಟು ಹೊತ್ತು ತನಗೂ ಯಾರೋ ಇದ್ದಾರೆ ಅನಿಸುತ್ತಿತ್ತು.

“ಇಲ್ಲಿ ನೋಯ್ತಾ?”

“ಅಯ್ಯೋ, ಹೂಂ! ಅಲ್ಲೇ, ಅಲ್ಲೇ.”

“ನಾನಿನ್ನೂ ಒತ್ತೇ ಇಲ್ಲ ಕಣೇ. ಸುಮ್ನೆ ಬೆರಳಿಟ್ಟೆ ಅಷ್ಟೆ.” ಯಾಗೊದಾ ಈಗ ಹೆಬ್ಬೆರಳಿನಿಂದ ಗಟ್ಟಿಯಾಗಿ ಅದುಮಿದಳು. ದೆಸಾಂಕಾ ಮಿಸುಕಲಿಲ್ಲ. “ಎಲ್ಲಿ, ಕೈ ಎತ್ತು.”

ಕೈ ಸರಾಗವಾಗಿ ಮೇಲೆ ಹೋಯಿತು.

“ನಿಜ ಹೇಳು. ನೋವು ಬರೋದು ಯಾವಾಗ?”

“ಮೆಟ್ಟಿಲು ಹತ್ತುವಾಗ. ದವಡೆವರೆಗೂ ಹಿಡಿಯುತ್ತೆ. ನಿಂತು ಸುಧಾರಿಸ್ಕೊಂಡ್ರೆ ಹೋಗುತ್ತೆ.” ದೆಸಾಂಕಾ ಹಣೆಯ ಬೆವರು ಒರೆಸಿಕೊಂಡಳು. “ಇವತ್ತು ಮಾತ್ರ ಕೂತ್ರೂ ಹೋಗ್ತಾ ಇಲ್ಲ.”

ಯಾಗೊದಾಳ ಕೈ ನಿಂತಿತು. “ನಮ್ಮನೆಯವರೂ ಹೀಗೇ ಅಂದಿದ್ರು. ನಾನು ಕಿಟಕಿ ಮುಚ್ಚಿ, ರಾಕಿಯಾ ಉಜ್ಜಿ ಮಲಗಿಸ್ದೆ. ಬೆಳಗಾಗೋಷ್ಟ್ರಲ್ಲಿ...” ಅವಳು ಸೀಸೆಗೆ ಬಿರಡೆ ಹಾಕಿ ಕೆಳಗಿಟ್ಟಳು. “ಇದು ಭುಜದ್ದಲ್ಲ ಕಣೇ. ಹೃದಯದ್ದು.”

ಓಡಿಹೋಗಿ ಆಂಬುಲೆನ್ಸಿಗೆ ಫೋನ್ ಮಾಡಿದಳು. ವಾಪಸು ಬಂದು ನೋಡಿದರೆ ದೆಸಾಂಕಾಳ ಮುಖದಲ್ಲಿ ಗಾಬರಿಯೇ ಇಲ್ಲ. ಯಾಗೊದಾಗೆ ಥಟ್ಟನೆ ಅನುಮಾನ ಬಂತು.

“ನಿಂಗೆ ಗೊತ್ತಿತ್ತಾ?”

ದೆಸಾಂಕಾ ಹೌದೆಂದು ತಲೆಯಾಡಿಸಿದಳು.

“ಅಯ್ಯೋ ಪಾಪಿ! ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತೇ?”

“ಹೃದಯ ಅಂದಿದ್ರೆ ನೀನು ನನ್ನ ಡಾಕ್ಟರ ಹತ್ರ ಕಳಿಸ್ತಿದ್ದೆ,” ಎಂದಳು ದೆಸಾಂಕಾ. “ಅಡ್ಡಗಾಳಿ ಅಂದ್ರೆ ನೀನೇ ಬರ್ತೀಯ.”