ಆನ್ಸ್ ಮಾರೋ ಕೊಲ್ಲಿಗೆ ಸ್ವಾಗತ

“ಇದರಲ್ಲಿ ಇರೋದನ್ನ ಬಿಟ್ಟು ಒಂದಕ್ಷರ ಬೇರೆ ಮಾತಾಡೋ ಹಾಗಿಲ್ಲ” ಎಂದು ಡೆಕ್ಸ್ಟರ್ ಹ್ಯಾಲಮ್ ಅಚ್ಚಾದ ಹಾಳೆಯೊಂದನ್ನು ಕಾಸ್ಮಿನಾಳ ಕೈಗೆ ತುರುಕಿದ.

ಕಾಸ್ಮಿನಾ ಕ್ವಾಶಿ ನಿಂತಲ್ಲೇ ಓದಿದಳು. ಅರವತ್ತೇಳರ ಹೆಂಗಸು, ಕಾರಿಯಾಕು ದ್ವೀಪದ ಆನ್ಸ್ ಮಾರೋ ಕೊಲ್ಲಿಯಲ್ಲೇ ಹುಟ್ಟಿ, ಅಲ್ಲಿನ ಶಾಲೆಯಲ್ಲೇ ಮೂವತ್ತು ವರ್ಷ ಪಾಠ ಹೇಳಿದವಳು. ಶಾಲೆ ಮುಗಿಸಿ, ಕಾಲೇಜಿಗೆ ಸೇರುವ ಮೊದಲು ಒಂದು ವರ್ಷ ಲೋಕ ಸುತ್ತಲು ಹೊರಟವರನ್ನು ಹ್ಯಾಲಮ್‌ನ ಕಂಪನಿ ಇಂಗ್ಲೆಂಡಿನಿಂದ ಕರೆತರುತ್ತಿತ್ತು. ಎಲ್ಲರೂ ಹದಿನೆಂಟು ತುಂಬಿದವರು. ಅವರಿಗೆ ದ್ವೀಪದ ಪರಿಚಯ ಹೇಳುವ ಕೆಲಸ ಆರು ವರ್ಷಗಳಿಂದ ಕಾಸ್ಮಿನಾಳದು.

ಕಳೆದ ವರ್ಷ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿದ್ದಳು. ನೀವು ಬಣ್ಣ ಬಳಿಯಲು ಬಂದಿರುವ ಶಾಲೆಯ ಗೋಡೆಗೆ ಹೋದ ವರ್ಷವೂ ಬಳಿದಾಗಿದೆ, ಬರುವ ವರ್ಷವೂ ಬಳಿಯುತ್ತಾರೆ. ನಿಜವಾಗಿ ಕೆಲಸ ಮಾಡುವ ಮನಸ್ಸಿದ್ದರೆ ಚಂಡಮಾರುತ ಹಾರಿಸಿಕೊಂಡು ಹೋದ ಛಾವಣಿಗಳಿಗೆ ತಗಡು ಹೊರಿ ಎಂದಿದ್ದಳು. ಅರ್ಧ ತಂಡ ಬ್ರಷ್ ಬಿಸಾಕಿ ಏಣಿ ಹತ್ತಿತ್ತು. ಅದಕ್ಕೇ ಈ ಹಾಳೆ.

“ಓದದಿದ್ರೆ?” ಎಂದಳು.

“ನಾಳೆಯಿಂದ ಬರೋದು ಬೇಡ ಟೀಚರ್. ನಾಲ್ಕು ಮಾತು ಹೇಳೋಕೆ ನೂರು ಜನ ಸಿಗ್ತಾರೆ.”

“ಈ ಕೊಲ್ಲೀಲಿ ನೂರು ಜನ ಇದ್ದಿದ್ರೆ ನೀನು ಇಲ್ಲಿ ಕಾಲೇ ಇಡ್ತಿರಲಿಲ್ಲ ಕಣಪ್ಪ.”

ಹ್ಯಾಲಮ್‌ಗೆ ಈಗ ಬೇಕಾಗಿದ್ದದ್ದು ಕೊಲ್ಲಿಯೇ. ಅಲ್ಲಿ ಹೋಟೆಲು ಕಟ್ಟಬೇಕು. ಜಾಗ ಕಾಸ್ಮಿನಾಳ ಅಜ್ಜನದು, ಎಂದೂ ಪಾಲಾಗಿರಲಿಲ್ಲ. ಅಜ್ಜನ ಒಂಬತ್ತು ಮಕ್ಕಳಲ್ಲಿ ಏಳು ಮಂದಿ ಹಡಗು ಹತ್ತಿ ಇಂಗ್ಲೆಂಡಿನ ಕಡೆ ಹೋಗಿದ್ದರು. ದ್ವೀಪದಲ್ಲಿ ಉಳಿದ ವಾರಸುದಾರರು ಇಬ್ಬರೇ: ಕಾಸ್ಮಿನಾ, ಮತ್ತು ಅವಳ ದೊಡ್ಡಪ್ಪನ ಮಗ ಲಯನಲ್. ಲಯನಲ್ ಮಾರಾಟಕ್ಕೆ ಸಹಿ ಹಾಕಿದ್ದ. ಕಾಸ್ಮಿನಾ ತನ್ನ ಪಾಲಿಗೆ ಬಂದ ಕಾಗದವನ್ನು ತೊಗರಿಕಾಳು ಬೇಯುತ್ತಿದ್ದ ಒಲೆಗೆ ಹಾಕಿದ್ದಳು.

ಕೊನೆಗೆ ಅಂಚೆ ಕಚೇರಿಯ ಗೋಡೆಗೆ ನೋಟಿಸು ಬಿತ್ತು. ನಾಲ್ಕು ತಿಂಗಳ ನಂತರದ ಒಂದು ಶುಕ್ರವಾರ ಹನ್ನೊಂದಕ್ಕೆ ಭೂ ಅಧಿಕಾರಿ ಜಾಗಕ್ಕೇ ಬರುತ್ತಾರೆ. ಬೇರೆ ವಾರಸುದಾರರಿದ್ದರೆ ದಾಖಲೆ ಸಮೇತ ಖುದ್ದಾಗಿ ಹಾಜರಾಗಬೇಕು. ಬಂದರೆ ಹೆಚ್ಚಿನವರ ಮಾತು ನಡೆಯುತ್ತದೆ; ಯಾರೂ ಬಾರದೆ ಇಬ್ಬರ ಮಾತು ಸಮಸಮವಾಗಿಯೇ ಉಳಿದರೆ ಹಿರಿಯ ಮಗನ ಕಡೆಯವನಾದ ಲಯನಲ್‌ನ ಸಹಿಯೇ ಸಾಕು. ಅಲ್ಲಿಯವರೆಗೆ ಗಡುವಿತ್ತು. ಕಾಸ್ಮಿನಾ ವಕೀಲರ ಬಾಗಿಲು ತುಳಿಯಲಿಲ್ಲ. ಭಾನುವಾರ ಪ್ರಾರ್ಥನೆಯಾದ ಮೇಲೆ ಫೋನ್ ಹಿಡಿದು ಸಮುದ್ರದಾಚೆಯವರ ಜೊತೆ ಹರಟುತ್ತಿದ್ದಳು. ಮುದುಕಿಗೆ ಹೊತ್ತು ಹೋಗೋದಿಲ್ಲ ಎಂದು ಲಯನಲ್ ನಕ್ಕಿದ್ದ.

ಸ್ವಾಗತ ಸಮಾರಂಭವನ್ನು ಹ್ಯಾಲಮ್ ಬೇಕೆಂದೇ ಅದೇ ಶುಕ್ರವಾರಕ್ಕೆ, ಅದೇ ತೀರಕ್ಕೆ ಗೊತ್ತುಮಾಡಿದ. ಹೋಟೆಲಿಗೆ ಎಂಥ ಜನ ಬರುತ್ತಾರೆಂಬುದನ್ನು ಅಧಿಕಾರಿ ಕಣ್ಣಾರೆ ನೋಡಲಿ ಎಂಬುದು ಅವನ ಲೆಕ್ಕ.

ಹಿಂದಿನ ದಿನ ದೋಣಿಯಿಂದ ಹದಿನಾಲ್ಕು ಮಂದಿ ಇಳಿದಿದ್ದರು. ಆರ್ಮಿಟೇಜ್, ಸೈಕ್ಸ್, ವಿಟ್‌ವರ್ತ್ ಎಂದು ಹ್ಯಾಲಮ್ ಹೆಸರು ಕೂಗಿ ಎಲ್ಲರಿಗೂ ಕಂಪನಿಯ ಅಂಗಿ ತೊಡಿಸಿದ್ದ. ಮೊದಲ ತುತ್ತಿನ ಖಾರಕ್ಕೇ ನೀರು ನೀರು ಎಂದಿದ್ದರು. ಕಾಸ್ಮಿನಾಳನ್ನು “ತಾಂತಿ” ಎಂದರು, ಅತ್ತೆ ಎನ್ನುವ ಹಾಗೆ. ಹ್ಯಾಲಮ್‌ಗೆ ಖುಷಿಯಾಯಿತು, ಇಲ್ಲಿ ಹಿರಿಯರನ್ನು ಹಾಗೆ ಕರೆಯಬೇಕೆಂದು ಕೈಪಿಡಿಯಲ್ಲಿ ಬರೆಸಿದವನು ಅವನೇ.

ಶುಕ್ರವಾರ ಹನ್ನೊಂದಕ್ಕೆ ಸ್ವಲ್ಪ ಮೊದಲು ಎಲ್ಲರೂ ಮರಳಿನ ಮೇಲೆ ಕೂತರು. ಲಯನಲ್ ಕುರ್ಚಿಯಲ್ಲಿ ತಲೆ ತಗ್ಗಿಸಿದ್ದ. ಕಾಸ್ಮಿನಾ ಹಾಳೆ ಮಡಚಿ ಹಿಡಿದುಕೊಂಡೇ ತನ್ನ ಮಾತು ಶುರುಮಾಡಿದಳು. ಇದೇ ಮರಳಿನ ಮೇಲೆ ಒಬ್ಬ ಮನುಷ್ಯ ಹನ್ನೊಂದು ಹಾಯಿದೋಣಿ ಕಟ್ಟಿದ್ದು, ಅವನ ಮಕ್ಕಳು ಒಬ್ಬೊಬ್ಬರಾಗಿ ದೂರ ಹೋಗಿದ್ದು, ಪ್ರತಿ ಕ್ರಿಸ್‌ಮಸ್‌ಗೂ ಅವನು ಒಂಬತ್ತು ತಟ್ಟೆ ಹಾಕಿಸುತ್ತಿದ್ದದ್ದು. ಮುಂದಿದ್ದ ಹುಡುಗಿಯೊಬ್ಬಳು ಕಣ್ಣು ಒರೆಸಿಕೊಂಡಳು. ಕಣ್ಣಿಗೆ ಬಿಸಿಲಿನ ಕ್ರೀಮು ಹೋಗಿರಬೇಕು ಎಂದುಕೊಂಡ ಹ್ಯಾಲಮ್, ಹಾಳೆ ಓದಿ ಎಂದು ಗದರಿದ.

ಕಾಸ್ಮಿನಾ ಹಾಳೆ ಬಿಡಿಸಿ, ತರಗತಿಯ ಕೊನೆಯ ಬೆಂಚಿಗೂ ಕೇಳುವಂಥ ಗಂಟಲಲ್ಲಿ ಓದಿದಳು. “ಈ ತೀರವನ್ನು ಬಿಟ್ಟುಹೋದವರು ಇದನ್ನು ಮರೆತು ಎಷ್ಟೋ ಕಾಲವಾಯಿತು. ಅವರು ಮರಳಿ ಬರುವುದಿಲ್ಲ. ಇದು ಈಗ ನಿಮಗಾಗಿ ಕಾಯುತ್ತಿದೆ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹ್ಯಾಲಮ್ ಒಬ್ಬನೇ ತಟ್ಟಿದ.

ಭೂ ಅಧಿಕಾರಿ ಶ್ರೀಮತಿ ಬೆಥೆಲ್ ಗಡಿಯಾರ ನೋಡಿ ಕಡತ ಬಿಚ್ಚಿದರು. ಆನ್ಸ್ ಮಾರೋ ಜಾಗದ ಬೇರೆ ವಾರಸುದಾರರು ಯಾರಾದರೂ ಹಾಜರಿದ್ದಾರೆಯೇ ಎಂದು ನಿಯಮದ ಪ್ರಕಾರ ಕೇಳಿದರು. ಹ್ಯಾಲಮ್ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದ. ಕಾಸ್ಮಿನಾ ಹಾಳೆಯನ್ನು ಮತ್ತೆ ಮಡಚಿ, ಮರಳಿನ ಮೇಲೆ ಕೂತವರ ಕಡೆ ನೋಡಿದಳು.

“ನಾನಿದೀನಿ ಮೇಡಂ. ಕ್ವಾಶಿ ಅಜ್ಜನ ಮೂರನೇ ಮಗಳು ಆಲ್ಮಾ ನನ್ನ ಮುತ್ತಜ್ಜಿ” ಎಂದು, ಆಗ ಕಣ್ಣು ಒರೆಸಿಕೊಂಡಿದ್ದ ಆರ್ಮಿಟೇಜ್ ಎಂಬ ಹುಡುಗಿ ಮರಳು ಕೊಡವಿಕೊಂಡು ಎದ್ದಳು; ಅವಳ ಬೆನ್ನಿಗೇ, ಕಂಪನಿಯ ಅಂಗಿ ತೊಟ್ಟ ಉಳಿದ ಹದಿಮೂರು ಮಂದಿಯೂ ತಂತಮ್ಮ ಮನೆಯವರ ಜನನಪತ್ರ ಹಿಡಿದು ಎದ್ದು ನಿಂತರು.